ಗುಂಡಿಪೆಟ್ಟಿಗೆಯ ಬಿಳಿ ಖಾನೆ

ಕತ್ತರಿ ಅಕ್ಕನ ಸಿಟ್ಟು ಆ ಬೀದಿಗೆಲ್ಲ ಗೊತ್ತಿತ್ತು. ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದವರು ಅಳತೆ ಕೊಡುವಾಗ ಹೊಟ್ಟೆ ಒಳಗೆಳೆದುಕೊಂಡರೆ ಅವಳು ಟೇಪಿನ ತುದಿಯಿಂದ ಒಂದು ತಟ್ಟು ತಟ್ಟಿ, "ಉಸಿರು ಬಿಡಿ ಸ್ವಾಮಿ. ನಂಗೆ ಸುಳ್ಳು ಹೇಳ್ಬಹುದು, ಜಿಪ್ಪಿಗೆ ಹೇಳೋಕಾಗಲ್ಲ" ಅನ್ನುತ್ತಿದ್ದಳು. ಬೈಸಿಕೊಂಡವರೇ ಮತ್ತೆ ಬರುತ್ತಿದ್ದರು, ಯಾಕೆಂದರೆ ಅವಳ ಕೈಯಲ್ಲಿ ಸರಿಹೋದ ಬಟ್ಟೆ ಮತ್ತೆ ಬಿಚ್ಚುತ್ತಿರಲಿಲ್ಲ.

ಅಂಗಡಿ ಅಂದರೆ ಒಂದು ಹಳೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಎರಡು ಹೊಲಿಗೆ ಯಂತ್ರ, ಒಂದು ಇಸ್ತ್ರಿ ಮೇಜು, ಎತ್ತರದವರು ಕತ್ತು ಬಗ್ಗಿಸಿ ನಿಲ್ಲಬೇಕಾದ ಇಳಿಜಾರು ಚಾವಣಿ. ಮೇಲಿನ ಮನೆಯವರು ಮೆಟ್ಟಿಲಿಳಿದರೆ ಅವಳ ತಲೆಯ ಮೇಲೆಯೇ ದಡದಡ. ಹೊಸ ಬಟ್ಟೆಯನ್ನು ಅವಳು ಹೊಲಿಯುತ್ತಿರಲಿಲ್ಲ. ಹರಿದದ್ದು, ಬಿಗಿಯಾದದ್ದು, ಜೋಲುಬಿದ್ದದ್ದು, ಲೈನಿಂಗ್ ಕಿತ್ತುಹೋದ ಕೋಟು, ಹಲ್ಲು ಕಚ್ಚಿಕೊಂಡ ಜಿಪ್ಪು, ಇಂಥವೇ ಬೇಕು ಅವಳಿಗೆ. "ಹೊಸದು ಹೊಲಿಯೋಕೆ ಯಾರು ಬೇಕಾದ್ರೂ ಸಿಗ್ತಾರೆ. ಕೆಟ್ಟಿದ್ದನ್ನ ಸರಿ ಮಾಡೋಕೆ ತಲೆ ಬೇಕು" ಎಂದು ಹೇಳುತ್ತಿದ್ದಳು. ಕೆಟ್ಟದ್ದೆಲ್ಲ ತನ್ನ ಕೈಗೆ ಬಂದರೆ ಸರಿಹೋಗುತ್ತದೆ ಎಂದು ಅವಳು ನಿಜವಾಗಿಯೂ ನಂಬಿದ್ದಳು.

ಅವಳ ಮೇಜಿನ ಬಲಕ್ಕೆ ಗುಂಡಿಪೆಟ್ಟಿಗೆ ಇರುತ್ತಿತ್ತು. ಮುಚ್ಚಳದ ಮೂಲಕ ಒಳಗಿನದೆಲ್ಲ ಕಾಣುವ ಪ್ಲಾಸ್ಟಿಕ್ಕಿನ ಚಪ್ಪಟೆ ಪೆಟ್ಟಿಗೆ, ಒಳಗೆ ಸಾಲುಸಾಲು ಖಾನೆಗಳು. ಹಳೇ ಅಂಗಿಯಿಂದ ಬಿಚ್ಚಿದ ಗುಂಡಿ, ಸಗಟು ಅಂಗಡಿಯಿಂದ ತಂದದ್ದು, ಗಿರಾಕಿ ಬೀಳಿಸಿಹೋದದ್ದು, ಎಲ್ಲ ಗಾತ್ರ ಮತ್ತು ಬಣ್ಣ ನೋಡಿ ಆಯಾ ಖಾನೆಗೆ. ಎಲ್ಲಿಂದ ಬಂತು ಅನ್ನುವುದು ಮುಖ್ಯವಲ್ಲ. ಒಂದೇ ಥರ ಕಂಡರೆ ಒಂದೇ ಖಾನೆ. ಗಿರಾಕಿಯ ಜೊತೆ ಜಗಳವಾಡುತ್ತಲೇ ಅವಳ ಕೈ ತನ್ನ ಪಾಡಿಗೆ ಗುಂಡಿ ವಿಂಗಡಿಸುತ್ತಿತ್ತು, ತಪ್ಪಿದ್ದೇ ಇಲ್ಲ.

ಈ ಅಕ್ಕನಿಗೆ ಒಬ್ಬನೇ ತಮ್ಮ, ಸಿಟಿ ಬಸ್ಸಿನ ಡ್ರೈವರ್. ತಾಯಿ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅಂದಿನಿಂದ ಊಟ, ಬಟ್ಟೆ, ಬೈಗುಳ ಮೂರೂ ಅವನಿಗೆ ಅಕ್ಕನ ಕೈಯಿಂದಲೇ. ಮದುವೆಯಾಗಿ ಬಂದ ಮನೆಗೂ ಅವಳು ತಮ್ಮನನ್ನು ಕರೆದುಕೊಂಡೇ ಬಂದಳು. ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುವ ಅವಳ ಗಂಡ ಹಿಟ್ಟಿನಷ್ಟೇ ಮೆತ್ತಗಿನ ಮನುಷ್ಯ. "ಬರ್ಲಿ ಬಿಡು, ನಂಗೂ ಬೈಗುಳ ಹಂಚ್ಕೊಳ್ಳೋಕೆ ಒಬ್ಬ ಸಿಕ್ಕ" ಎಂದು ನಕ್ಕಿದ್ದ. ಕಟ್ಟಡದ ಹಿಂಬದಿಯ ಮನೆಯಲ್ಲಿ ಮೂವರೂ ವರ್ಷಾನುಗಟ್ಟಲೆ ಹೀಗೇ ಇದ್ದರು. ತಮ್ಮ ಬೆಳಿಗ್ಗೆ ಸ್ನಾನ ಮಾಡುವಾಗ ಶಿಳ್ಳೆ ಹಾಕುತ್ತಿದ್ದ. ಆ ಶಿಳ್ಳೆ ಕೇಳಿಯೇ ಅಕ್ಕ ಚಹಾಕ್ಕೆ ನೀರಿಡುತ್ತಿದ್ದಳು.

ಒಂದು ಮಧ್ಯಾಹ್ನ ಡಿಪೋದಿಂದ ಫೋನು ಬಂತು. ಆಸ್ಪತ್ರೆ ನಿಲ್ದಾಣದಲ್ಲಿ ಬಸ್ಸು ನಿಲ್ಲಿಸಿದವನು ಮತ್ತೆ ಹೊರಡಲೇ ಇಲ್ಲವಂತೆ. ಅಪಘಾತವಿಲ್ಲ, ಜಗಳವಿಲ್ಲ. ಜನ ಕೂಗಿದರೂ ಹಿಂದಿನ ಗಾಡಿಗಳು ಹಾರ್ನ್ ಹೊಡೆದರೂ ಸ್ಟೀರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದನಂತೆ. ಮನೆಗೆ ಬಂದಾಗ ಅಕ್ಕ ಕೇಳಿದಳು, "ಏನಾಯ್ತೋ?"

"ಹೊರಡೋಕೆ ಒಂದು ಕಾರಣ ಕಾಣಿಸ್ಲಿಲ್ಲ ಅಕ್ಕ" ಎಂದ. ಆಮೇಲೆ ಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ಹೆಚ್ಚು ಮಾತಿನವರಲ್ಲ. ಇದು ಖಿನ್ನತೆ, ಸೋಮಾರಿತನ ಅಲ್ಲ ಎಂದರು. ಪಟ್ಟಿಯಲ್ಲಿ ಬರುವ ಬಿಳಿಯ ಸಣ್ಣ ಮಾತ್ರೆ ಬರೆದುಕೊಟ್ಟರು. ವಾರಗಳೇ ಬೇಕು, ನಡುವೆ ನಿಲ್ಲಿಸಬೇಡಿ, ಬಂದು ತೋರಿಸುತ್ತಿರಿ ಎಂದರು. ಯಾವಾಗ ಪೂರ್ತಿ ಹುಷಾರಾಗುತ್ತಾನೆ ಎಂದು ಕತ್ತರಿ ಅಕ್ಕ ಕೇಳಿದಾಗ "ನೋಡೋಣ" ಅಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವವರನ್ನು ಕಂಡರೆ ಇವಳಿಗಾಗುತ್ತಿರಲಿಲ್ಲ. ಗಿರಾಕಿಗೆ ಅವಳು ಯಾವತ್ತಾದರೂ "ನೋಡೋಣ" ಅಂದದ್ದುಂಟೇ? ಗುರುವಾರ ಅಂದರೆ ಗುರುವಾರ.

ಆದರೆ ಮಾತ್ರೆ ಕೆಲಸ ಮಾಡಿತು. ನಿಧಾನಕ್ಕೆ, ಇವಳ ಜೀವ ಹಿಂಡುವಷ್ಟು ನಿಧಾನಕ್ಕೆ. ಮೊದಲು ಅವನು ಗೋಡೆ ಬಿಟ್ಟು ಈಚೆ ಮುಖ ಮಾಡಿದ. ಆಮೇಲೆ ಊಟಕ್ಕೆ ಕರೆಯದೆಯೇ ಎದ್ದು ಬಂದ. ಒಂದು ದಿನ ಅಂಗಡಿಗೆ ಬಂದು, ಉದುರಿದ ದಾರದ ತುಂಡುಗಳನ್ನೆಲ್ಲ ಗುಡಿಸಿದ. ಡಿಪೋದ ಮೇಲ್ವಿಚಾರಕರು ಒಳ್ಳೆಯವರು. ಡಾಕ್ಟರಮ್ಮ ಒಪ್ಪಿದರೆ ಮೊದಲು ಕೆಲವು ದಿನ ಬೇರೆ ಡ್ರೈವರ್ ಪಕ್ಕದಲ್ಲಿ ಸುಮ್ಮನೆ ಕೂತು ಹೋಗಿಬರಲಿ, ಆಮೇಲೆ ಸ್ಟೀರಿಂಗ್ ಕೊಡೋಣ ಎಂದು ಹೇಳಿಕಳಿಸಿದರು. ತಮ್ಮ "ಆಗ್ಲಿ" ಅಂದ. ಅವತ್ತು ಅಕ್ಕ ಅವನ ಯೂನಿಫಾರ್ಮ್ ಶರ್ಟಿನ ಪಕ್ಕದ ಹೊಲಿಗೆಗಳನ್ನು ಬಿಚ್ಚಿ ಒಳಗೆ ಹಿಡಿದು ಹೊಲಿದಳು, ಅಷ್ಟು ಸೊರಗಿದ್ದ. ಇಸ್ತ್ರಿ ಮಾಡಿ ಅವನ ಕೋಣೆಯ ಮೊಳೆಗೆ ನೇತುಹಾಕಿದಳು. ಮರುದಿನ ಬಚ್ಚಲಿನಿಂದ ಶಿಳ್ಳೆ ಕೇಳಿಸಿತು. ಅರ್ಧಕ್ಕೇ ನಿಂತಿತು, ಆದರೂ ಶಿಳ್ಳೆಯೇ. ಅಕ್ಕ ಚಹಾದ ಪಾತ್ರೆ ಹಿಡಿದು ನಿಂತಲ್ಲೇ ಅತ್ತಳು.

ಅಲ್ಲಿಗೆ ಸುಮ್ಮನಿದ್ದಿದ್ದರೆ! ಆದರೆ ಅರ್ಧ ಶಿಳ್ಳೆ ಕೇಳಿದವಳಿಗೆ ಪೂರ್ತಿ ಶಿಳ್ಳೆ ಬೇಕಾಯಿತು, ಅದೂ ಬರುವ ಗುರುವಾರದೊಳಗೆ.

ಆ ಹೊತ್ತಿಗೆ ಸರಿಯಾಗಿ ಜಿಮ್ ಮೇಷ್ಟ್ರು ಬಂದರು. ಇವರ ತೋಳುಗಳು ಯಾವ ಅಂಗಿಯಲ್ಲೂ ನೆಮ್ಮದಿಯಾಗಿ ಇರುತ್ತಿರಲಿಲ್ಲ, ಹಾಗಾಗಿ ಅಂಗಡಿಯ ಕಾಯಂ ಗಿರಾಕಿ. ತಮ್ಮನ ವಿಷಯ ಕೇಳಿ ಅವರು ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಮನಸ್ಸು ಅಂದ್ರೇನಕ್ಕ? ಮೆದುಳು. ಮೆದುಳು ಅಂದ್ರೇನು? ಕೊಬ್ಬು. ಕೊಬ್ಬಿಗೇನು ಬೇಕು? ಮೀನೆಣ್ಣೆ! ಇಷ್ಟೇ ಲೆಕ್ಕ. ಡಾಕ್ಟ್ರು ಇದನ್ನೆಲ್ಲ ಹೇಳಲ್ಲ."

"ಯಾಕೆ ಹೇಳಲ್ಲ?"

"ಹೇಳಿದ್ರೆ ಅವರ ಹತ್ರ ಯಾರು ಹೋಗ್ತಾರೆ?"

ಲೆಕ್ಕ ಇಷ್ಟು ಚೊಕ್ಕವಾಗಿದ್ದರೆ ಯಾರಿಗೆ ಬೇಡ? ಮರುದಿನವೇ ಮೀನೆಣ್ಣೆಯ ಕ್ಯಾಪ್ಸೂಲು ಬಂತು. ಅದರ ಹಿಂದೆ ವಿಟಮಿನ್ ಡಿ, ಬಿಸಿಲು ಕಾಣದವನಲ್ಲವೇ. ನಿದ್ದೆಗೆ ಮೆಗ್ನೀಸಿಯಮ್ ಒಳ್ಳೆಯದೆಂದು ಕೋಟಿನ ಕಾಲರ್ ಬದಲಿಸಲು ಬಂದವಳೊಬ್ಬಳು ಹೇಳಿದಳು, ಅದೂ ಬಂತು. ಆಮೇಲೆ ಸತು, ಬಿ ಕಾಂಪ್ಲೆಕ್ಸ್. ಅಡುಗೆಮನೆಯ ಕಿಟಕಿಯಲ್ಲಿ ಡಬ್ಬಿಗಳು ಸಾಲುಗಟ್ಟಿ ಬೆಳಕಿಗೇ ಅಡ್ಡ ನಿಂತವು. ಗಂಡ ಮೀನೆಣ್ಣೆಯ ಡಬ್ಬಿ ಮೂಸಿ ಮುಖ ಹಿಂಡಿ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ಡಾಕ್ಟ್ರನ್ನ ಒಂದು ಮಾತು ಕೇಳ್ಬಾರ್ದೇನೆ?" ಅಂದ.

"ಕೇಳಿದ್ರೆ ನೋಡೋಣ ಅಂತಾರೆ. ನೀವು ಬ್ರೆಡ್ಡು ಸುಡದ ಹಾಗೆ ನೋಡ್ಕೊಳ್ಳಿ ಸಾಕು."

ಡಬ್ಬಿಗಳ ಮುಚ್ಚಳ ಒತ್ತಿ ತಿರುಗಿಸುವುದು, ಒಂದೊಂದರ ಬಾಯಿಯ ಹತ್ತಿ ಕೀಳುವುದು, ಪಟ್ಟಿಯಿಂದ ಮಾತ್ರೆ ಬಿಡಿಸುವುದು, ದಿನಾ ಬೆಳಿಗ್ಗೆ ಈ ರಗಳೆ ಅವಳಿಗೆ ತಲೆಚಿಟ್ಟು ಹಿಡಿಸಿತು. ಒಂದು ಭಾನುವಾರ ಸಗಟು ಅಂಗಡಿಯಿಂದ ಇನ್ನೊಂದು ಗುಂಡಿಪೆಟ್ಟಿಗೆ ತಂದಳು, ತನ್ನದರಂಥದ್ದೇ. ಮೇಜಿನ ಮೇಲೆ ಎಲ್ಲ ಡಬ್ಬಿ ಸುರಿದು, ಡಾಕ್ಟರಮ್ಮನ ಮಾತ್ರೆಗಳನ್ನೂ ಪಟ್ಟಿಯಿಂದ ಬಿಡಿಸಿ, ಕೂತು ವಿಂಗಡಿಸಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಗಿರಾಕಿ ನಿಂತು, ರಜಾ ದಿನವೂ ಒಂದು ಜಿಪ್ಪು ಹಾಕಿಕೊಡಿ ಎಂದು ಗೋಗರೆಯುತ್ತಿದ್ದ. ಬಾಯಿ ಅವನನ್ನು ಬೈಯುತ್ತಿತ್ತು, ಕೈ ತನ್ನ ಕೆಲಸ ಮಾಡುತ್ತಿತ್ತು. ಜೇನಿನ ಬಣ್ಣದ ಉದ್ದನೆಯವು ಒಂದು ಖಾನೆಗೆ. ಹಳದಿಯವು ಒಂದಕ್ಕೆ. ದಪ್ಪ ಬಿಳಿಯವು ಒಂದಕ್ಕೆ. ಸಣ್ಣ ಬಿಳಿಯವು, ದುಂಡಗೆ ನಡುವೆ ಗೀರಿರುವವು, ಇನ್ನೊಂದಕ್ಕೆ. ಖಾಲಿ ಡಬ್ಬಿ, ಪಟ್ಟಿಗಳೆಲ್ಲ ಕಸಕ್ಕೆ ಹೋದವು. ಮುಚ್ಚಳ ಹಾಕಿದ ಮೇಲೆ ಪೆಟ್ಟಿಗೆ ಎಷ್ಟು ಚೆನ್ನಾಗಿ ಕಂಡಿತೆಂದರೆ ಗಂಡನನ್ನೂ ತಮ್ಮನನ್ನೂ ಕರೆದು ತೋರಿಸಿದಳು.

"ನೋಡೋ, ಇನ್ಮೇಲೆ ಗೋಳಿಲ್ಲ. ಸಣ್ಣ ಬಿಳೀದು ಎರಡು, ಮಿಕ್ಕಿದ್ದು ಒಂದೊಂದು."

ತಮ್ಮ ಪೆಟ್ಟಿಗೆಯನ್ನು ನೋಡಿದ, ಅಕ್ಕನ ಮುಖವನ್ನು ನೋಡಿದ. "ಚೆನ್ನಾಗಿದೆ ಅಕ್ಕ" ಅಂದ.

ಡಿಪೋಗೆ ಹೋಗಲು ಶುರುಮಾಡಿದ. ಕೆಲವು ದಿನ ಡ್ರೈವರಿನ ಪಕ್ಕ ಕೂತು ಹೋಗಿಬಂದ. ಆಮೇಲಾಮೇಲೆ ಬೆಳಿಗ್ಗೆ ಏಳುವುದು ತಡವಾಯಿತು. ಮೊದಲು ಶಿಳ್ಳೆ ನಿಂತಿತು. ಊಟಕ್ಕೆ ಮತ್ತೆ ಕರೆಯಬೇಕಾಯಿತು. ಕರೆದರೂ ತಟ್ಟೆಯ ಮುಂದೆ ಕೂತು ಅನ್ನದ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದ. ಕತ್ತರಿ ಅಕ್ಕನಿಗೆ ಮೈ ಪರಚಿಕೊಳ್ಳುವಂತಾಯಿತು. ಇಷ್ಟು ಮಾಡಿಯೂ ಹೀಗೇಕೆ? ಹಾಕದ ಹೊಲಿಗೆ ಯಾವುದು ಉಳಿದಿದೆ? ಡಾಕ್ಟರಮ್ಮ ಬರಹೇಳಿದ ದಿನ ಅವನು ಏಳಲೇ ಇಲ್ಲ. ಇವಳೂ ಒತ್ತಾಯಿಸಲಿಲ್ಲ. ಹೋದರೆ ಇನ್ನೊಂದು "ನೋಡೋಣ", ಅಷ್ಟೇ ತಾನೆ. ಅದರ ಬದಲು ಮತ್ತೆ ಜಿಮ್ ಮೇಷ್ಟ್ರನ್ನು ಹಿಡಿದಳು. ಮೇಷ್ಟ್ರು ಈ ಸಲ ಯಾವುದೋ ಹಳದಿ ಹೂವಿನ ಸಾರದ ಕ್ಯಾಪ್ಸೂಲು ಹೇಳಿದರು. "ಗಿಡಮೂಲಿಕೆ ಅಕ್ಕ, ಏನೂ ತೊಂದ್ರೆ ಇಲ್ಲ. ದುಃಖಕ್ಕೆ ರಾಮಬಾಣ." ಪೆಟ್ಟಿಗೆಯಲ್ಲಿ ಒಂದು ಖಾನೆ ಖಾಲಿಯಿತ್ತು, ತುಂಬಿತು. ವಿಟಮಿನ್ ಡಿಯ ಇನ್ನೊಂದು ದೊಡ್ಡ ಡಬ್ಬಿಯನ್ನೂ ತಂದು ಸಣ್ಣ ಬಿಳಿಯವುಗಳ ಖಾನೆಗೆ ಸುರಿದಳು. ಖಾನೆ ಯಾವಾಗ ನೋಡಿದರೂ ತುಂಬಿಯೇ ಇರುತ್ತಿತ್ತು.

ಡಿಪೋದವರು ಸ್ಟೀರಿಂಗ್ ಕೊಡುವ ಮುಂಚೆ ಒಂದು ಸಲ ಪರೀಕ್ಷೆಗೆ ಓಡಿಸಿ ನೋಡುತ್ತೇವೆ ಎಂದು ದಿನ ಹೇಳಿದರು. ಅದು ತಪ್ಪಿದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದೂ ಹೇಳಿದರು. ಆ ಬೆಳಿಗ್ಗೆ ಅಕ್ಕ ಅವನನ್ನು ಎಬ್ಬಿಸಿ ಕೂರಿಸಿದಳು, ಶರ್ಟು ತಂದುಕೊಟ್ಟಳು. ಚಹಾ ಮಾಡಿ ಬಂದು ನೋಡಿದರೆ ಶರ್ಟು ತೊಟ್ಟು ಮಂಚದ ಅಂಚಿನಲ್ಲಿ ಕೂತಿದ್ದಾನೆ. ಮೇಲಿನ ಒಂದೇ ಗುಂಡಿ ಹಾಕಿದ್ದಾನೆ. ಎರಡನೆಯದನ್ನು ಬೆರಳಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದಾನೆ.

"ಹಾಕೋ."

"ಆಗ್ತಿಲ್ಲ ಅಕ್ಕ."

"ಏನು ಆಗ್ತಿಲ್ಲ? ಗುಂಡಿ ಹಾಕೋಕಾಗ್ತಿಲ್ವಾ? ಮೂರು ವರ್ಷದ ಮಕ್ಕಳು ಹಾಕ್ಕೊಳ್ತವೆ!" ಅವಳ ದನಿ ಮೆಟ್ಟಿಲಿನವರೆಗೂ ಕೇಳಿಸಿತು. "ತಂದು ಹಾಕಿದ್ದೆಷ್ಟು, ನುಂಗಿಸಿದ್ದೆಷ್ಟು! ಎಷ್ಟು ಅಂತ ಮಾಡ್ಲಿ ನಾನು? ನಿಂಗೆ ಹುಷಾರಾಗೋ ಮನಸ್ಸೇ ಇಲ್ಲ. ಮನಸ್ಸಿದ್ದಿದ್ರೆ ಇಷ್ಟೊತ್ತಿಗೆ ಆಗಿರ್ತಿದ್ದೆ!"

ಅವನು ಹಾಕಿದ್ದ ಆ ಒಂದು ಗುಂಡಿಯನ್ನೂ ನಿಧಾನಕ್ಕೆ ಬಿಚ್ಚಿದ. ಶರ್ಟು ಮಡಚಿ ಪಕ್ಕಕ್ಕಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದ.

ಗಂಡನಿಗೆ ಸಿಟ್ಟು ಬಂದದ್ದನ್ನು ಆ ಮನೆ ಅವತ್ತೇ ನೋಡಿದ್ದು. "ಸಾಕು ನೀನು ಮಾಡಿದ ವೈದ್ಯ. ಎದ್ದೇಳು, ಅವನನ್ನ ಡಾಕ್ಟ್ರ ಹತ್ರ ಕರ್ಕೊಂಡು ಹೋಗು. ಆ ಪೆಟ್ಟಿಗೆ ತಗೊಂಡೇ ಹೋಗು, ನೋಡ್ಲಿ ಅವರೂ" ಎಂದ. ಡಿಪೋಗೆ ಫೋನು ಮಾಡಿ ಬೇಡಿಕೊಂಡವನೂ ಅವನೇ. ಅವರು ಡಾಕ್ಟರಮ್ಮ ಏನು ಹೇಳುತ್ತಾರೋ ಕೇಳಿಕೊಂಡು ಬನ್ನಿ ಎಂದರು. ಅಷ್ಟು ಬಿಟ್ಟರೆ ಯಾವ ಮಾತನ್ನೂ ಕೊಡಲಿಲ್ಲ.

ಡಾಕ್ಟರಮ್ಮನ ಕೋಣೆಯಲ್ಲಿ ಕತ್ತರಿ ಅಕ್ಕ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟಳು. ಒಳಗೊಳಗೇ ಅವಳಿಗೆ ಹೆಮ್ಮೆಯೇ ಇತ್ತು. ತನ್ನಷ್ಟು ಚೆನ್ನಾಗಿ ಯಾರು ಜೋಡಿಸಿಟ್ಟಾರು? ಡಾಕ್ಟರಮ್ಮ ಕನ್ನಡಕ ಏರಿಸಿ ಖಾನೆ ಖಾನೆ ನೋಡಿದರು. ಹೂವಿನ ಸಾರದ ಕ್ಯಾಪ್ಸೂಲು ಎತ್ತಿ ಹಿಡಿದು, "ಇದನ್ನ ಯಾರು ಕೊಟ್ರು? ನಾನು ಕೊಟ್ಟ ಮಾತ್ರೆ ಜೊತೆ ಇದನ್ನ ತಗೊಳ್ಳಲೇಬಾರ್ದು. ಎರಡೂ ಸೇರಿದ್ರೆ ಅಪಾಯ" ಎಂದು ಅದನ್ನು ಬೇರೆ ತೆಗೆದಿಟ್ಟರು. ಆಮೇಲೆ ಕೇಳಿದರು, "ನಾನು ಕೊಟ್ಟಿದ್ದು ಇದ್ರಲ್ಲಿ ಯಾವ್ದು?"

ಅಕ್ಕ ಬಿಳಿ ಖಾನೆ ತೋರಿಸಿದಳು.

"ಇಷ್ಟೊಂದಾ? ಹಿಂದಿನ ಸಲ ನಾನು ಬರೆದಿದ್ದು ಒಂದು ತಿಂಗಳಿಗೆ. ಆಮೇಲೆ ನೀವು ಬಂದೇ ಇಲ್ಲ, ಚೀಟಿ ಇಲ್ದೆ ಅಂಗಡೀಲಿ ಕೊಡಲ್ಲ."

"ಅದ್ರಲ್ಲಿ ವಿಟಮಿನ್ನೂ ಇದೆ. ಎರಡೂ ಒಂದೇ ಥರ ಇದ್ವು, ಅದಕ್ಕೆ..."

ಡಾಕ್ಟರಮ್ಮ ಪೆಟ್ಟಿಗೆಯನ್ನು ಅವಳ ಕಡೆ ತಳ್ಳಿ, "ಹಾಗಾದ್ರೆ ನಂದು ಯಾವ್ದು ಆರಿಸಿ ಕೊಡಿ" ಎಂದರು. ಅವಳು ಬೆರಳು ಹಾಕಿದಳು. ಕಣ್ಣು ಮುಚ್ಚಿ ಮುಟ್ಟಿದರೆ ಕೋಟಿನ ಗುಂಡಿ ಯಾವುದು, ಶರ್ಟಿನದು ಯಾವುದು ಎಂದು ಹೇಳಬಲ್ಲ ಬೆರಳು. ಒಂದು ಮಾತ್ರೆ ಎತ್ತಿದಳು, ಇಟ್ಟಳು. ಇನ್ನೊಂದು ಎತ್ತಿದಳು. ದುಂಡಗೆ, ಬೆಳ್ಳಗೆ, ನಡುವೆ ಗೀರು. ಎಲ್ಲವೂ ಒಂದೇ. ಬಹುಶಃ ಅದರಲ್ಲಿ ಡಾಕ್ಟರಮ್ಮನ ಮಾತ್ರೆ ಉಳಿದೇ ಇರಲಿಲ್ಲ. ಇದ್ದಷ್ಟು ದಿನವೂ ಒಂದು ದಿನ ಎರಡು ಬಿದ್ದಿರಬಹುದು, ಇನ್ನೊಂದು ದಿನ ಒಂದೂ ಇಲ್ಲ. ಆಮೇಲೆ ಬರೀ ವಿಟಮಿನ್ನು. ಗುಂಡಿ ಹಾಕೋ ಎಂದು ತಾನು ಕಿರುಚಿದ ಆ ಬೆಳಿಗ್ಗೆಯೂ ಬರೀ ವಿಟಮಿನ್ನು.

ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. "ವಿಟಮಿನ್ ಕೆಟ್ಟದ್ದಲ್ಲ. ಮೈಯಲ್ಲಿ ಕಡಿಮೆ ಇದ್ರೆ ಬೇಕೇ ಬೇಕು. ರಕ್ತ ಪರೀಕ್ಷೆ ಮಾಡಿ ನೋಡೋಣ, ಯಾವ್ದು ಕಡಿಮೆ ಇದೆಯೋ ಅದನ್ನ ಕೊಡೋಣ. ಆದ್ರೆ ಅದು ಈ ಮಾತ್ರೆಯ ಜಾಗಕ್ಕೆ ಬರಲ್ಲ" ಎಂದು ತಮ್ಮನ ಕಡೆ ತಿರುಗಿದರು. "ಮತ್ತೆ ಮೊದಲಿಂದ ಶುರು ಮಾಡ್ಬೇಕಾಗುತ್ತೆ. ವಾರಗಳು ಹಿಡಿಯುತ್ತೆ. ಡಿಪೋಗೆ ನಾನು ಬರೆದುಕೊಡ್ತೀನಿ, ಕಾಯಿರಿ ಅಂತ. ಕಾಯ್ತಾರೋ ಇಲ್ವೋ ನನ್ನ ಕೈಲಿಲ್ಲ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ತನ್ನ ಕೈಯಲ್ಲೇ ಇತ್ತಲ್ಲ ಅನ್ನುವುದು ಅವಳನ್ನು ಒಳಗಿನಿಂದ ತಿನ್ನುತ್ತಿತ್ತು.

ಮನೆಗೆ ಬಸ್ಸಿನಲ್ಲೇ ಹೊರಟರು. ತಮ್ಮ ಕಿಟಕಿಯ ಪಕ್ಕ ಕೂತ. ಔಷಧಿ ಅಂಗಡಿಯಿಂದ ಕೊಂಡ ಹೊಸ ಪಟ್ಟಿ ಅವಳ ಚೀಲದಲ್ಲಿತ್ತು, ಪೆಟ್ಟಿಗೆ ತೊಡೆಯ ಮೇಲಿತ್ತು. ಬಸ್ಸು ಕುಲುಕಿದಾಗಲೆಲ್ಲ ಅದು ಗಲಗಲ ಅನ್ನುತ್ತಿತ್ತು, ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದಳು.

"ನಿಂಗೆ ಗೊತ್ತಾಗ್ಲಿಲ್ವೇನೋ?"

"ಗೊತ್ತಾಯ್ತು."

"ಏನು?"

"ಡಾಕ್ಟ್ರ ಮಾತ್ರೆ ಕಹಿ ಇರುತ್ತೆ ಅಕ್ಕ. ನಾಲಿಗೆಗೆ ತಾಗಿದ ಕೂಡ್ಲೇ ಗೊತ್ತಾಗುತ್ತೆ. ಪೆಟ್ಟಿಗೆ ಬಂದ್ಮೇಲೆ ಕೆಲವು ದಿನ ಕಹಿ ಇರ್ತಿತ್ತು, ಕೆಲವು ದಿನ ಇರ್ತಿರ್ಲಿಲ್ಲ. ಆಮೇಲೆ ಪೂರ್ತಿ ಹೋಯ್ತು."

"ಮತ್ತೆ ಬಾಯಿ ಬಿಟ್ಟು ಹೇಳೋಕೆ ಏನಾಗಿತ್ತೋ ನಿಂಗೆ ಧಾಡಿ!" ಬಸ್ಸೆಲ್ಲ ತಿರುಗಿ ನೋಡಿತು.

ಅವನು ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಹೇಳಿದ್ರೆ ನೀನು ಇನ್ನೊಂದು ಡಬ್ಬಿ ತರ್ತಿದ್ದೆ" ಎಂದ.

ಅವಳಿಗೆ ಇನ್ನಷ್ಟು ಸಿಟ್ಟು ಬಂತು. ಮೇಷ್ಟ್ರ ಮೇಲೆ, ಡಾಕ್ಟರಮ್ಮನ "ನೋಡೋಣ"ದ ಮೇಲೆ, ಬಾಯಿ ಬಿಡದ ಈ ಮೂಕನ ಮೇಲೆ. ಒಬ್ಬೊಬ್ಬರ ಮೇಲೆ ಹೊರಿಸಿ ನೋಡಿದಳು. ಯಾರ ಮೇಲೂ ನಿಲ್ಲದೆ ಅದು ತನ್ನ ತೊಡೆಯ ಮೇಲಿನ ಪೆಟ್ಟಿಗೆಗೇ ವಾಪಸು ಬಂತು. ಆಸ್ಪತ್ರೆ ನಿಲ್ದಾಣ ಬಂದಾಗ ಬಸ್ಸು ನಿಂತಿತು, ಜನ ಇಳಿದರು, ಮತ್ತೆ ಹೊರಟಿತು. ಡ್ರೈವರ್ ಗೇರು ಹಾಕುವಾಗ ತಮ್ಮನ ಕೈ ತೊಡೆಯ ಮೇಲೆ ಸ್ವಲ್ಪ ಅಲುಗಿದ್ದನ್ನು ಅವಳು ನೋಡಿದಳು. ನೋಡಿಯೂ ಸುಮ್ಮನಿರುವುದು ಅವಳಿಗೆ ಬಹಳ ಕಷ್ಟವಾಯಿತು.

ಮನೆಯಲ್ಲಿ ಅವನು ಕೈ ಚಾಚಿದ. "ಆ ಪಟ್ಟಿ ನನ್ನ ಹತ್ರಾನೇ ಇರ್ಲಿ ಅಕ್ಕ."

"ಮರೀತೀಯಾ."

"ಮರೆತ್ರೆ ಭಾವ ನೆನಪಿಸ್ತಾರೆ."

ಭಾವ ಬಾಗಿಲಲ್ಲಿ ನಿಂತು ತಲೆಯಾಡಿಸಿದ. ಅಷ್ಟು ವರ್ಷ ಅವನ ಬಾಯಿಗೆ ಹೋದದ್ದೆಲ್ಲ ಇವಳ ಕೈಯಿಂದಲೇ ಹೋಗಿತ್ತು. ನಾನೇನು ಸಾಯಿಸ್ತೀನಾ ನಿನ್ನ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿ ಚೀಲದಿಂದ ಪಟ್ಟಿ ತೆಗೆದು ಕೊಟ್ಟಳು. ಹಾಳೆಯಲ್ಲಿ ಮಾತ್ರೆಗಳು ಒಂದೊಂದೂ ತನ್ನ ಹೆಸರಿನ ಸಮೇತ ಭದ್ರವಾಗಿ ಕೂತಿದ್ದವು.

ಮರುದಿನ ಬೆಳಿಗ್ಗೆ ಅವನು ಅಡುಗೆಮನೆಗೆ ತಾನೇ ಬಂದ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದರೂ ಕಿವಿಯೆಲ್ಲ ಹಿಂದಕ್ಕೇ ಇತ್ತು. ಪಟ್ಟಿಯಿಂದ ಮಾತ್ರೆ ಬಿಡಿಸಿದ ಸದ್ದು ಕೇಳಿಸಿತು. ಅವನು ತಕ್ಷಣ ನೀರು ಕುಡಿಯಲಿಲ್ಲ. ಮಾತ್ರೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಒಂದು ಗಳಿಗೆ ಸುಮ್ಮನೆ ನಿಂತ. ಅವಳು ಒಲೆ ಬಿಟ್ಟು ತಿರುಗಿಯೇಬಿಟ್ಟಳು. ಅವನ ಮುಖ ಹಿಂಡಿಕೊಂಡಿತು.

"ಕಹಿ" ಎಂದ, ಅಕ್ಕನನ್ನೇ ನೋಡುತ್ತ.

ಅವಳ ಕೈ ತಾನಾಗಿಯೇ ಸಕ್ಕರೆ ಡಬ್ಬಿಯ ಕಡೆ ಹೋಯಿತು. ಮುಚ್ಚಳದವರೆಗೆ ಹೋಗಿ ಅಲ್ಲೇ ನಿಂತಿತು. ಅವನು ನೀರು ಕುಡಿದು ಲೋಟ ತೊಳೆದಿಟ್ಟು ಹೋಗುವವರೆಗೂ ಅವಳು ಆ ಕೈಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದಳು.